ಸಿಹಿಯನ್ನು ನಂಬದ ಸಾಹೇಬರು

ಸಾಹೇಬರು ಮೊದಲ ಸಲ ನನ್ನ ಚಷ್ಮಾದ ಅಂಗಡಿಗೆ ಬಂದಾಗ, ನಾನು ತರಿಸಿಕೊಟ್ಟ ಚಹಾದ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಸುಮಾರು ಹೊತ್ತು ಕುಳಿತಿದ್ದರು. ಆಮೇಲೆ ಒಂದು ಗುಟುಕು ಕುಡಿದು, “ಹಾಲು ನಿನ್ನೀದು ಅದ,” ಎಂದರು. ಕಣ್ಣು ಪರೀಕ್ಷೆಗೆ ಕೂಡಿಸಿದೆ. ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತ ಕೆಳಗಿನ ಸಾಲಿಗೆ ಬಂದವರು ತಡವರಿಸಿ ನಿಂತರು. ನನ್ನ ಕಡೆ ತಿರುಗಿ ಕೇಳಿದರು:

“ಈ ಅಕ್ಷರ ಎಲ್ಲಾ ಅಂಗಡ್ಯಾಗೂ ಇಷ್ಟೇ ಸಣ್ಣ ಇರ್ತಾವೋ, ನೀವು ಬ್ಯಾರೆ ಬರಸೀರೋ?”

ಉಮರ್ಗಾದ ಮಂದಿ ಅವರನ್ನು ಬರೀ ಸಾಹೇಬ ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಹೆಸರು ಬರೆದರೆ, ಯಾಕೆ ಬರೆದೆ, ಇದರ ಹಿಂದೆ ಏನಿದೆ ಎಂದು ಅವರು ಮಣ್ಣಿನೊಳಗಿಂದಲೂ ಕೇಳಿಯಾರು. ಹೋದ ತಿಂಗಳು ಉದಗೀರದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದಾಗಿನಿಂದ ಅವರ ಒಂದೊಂದೇ ಮಾತು ನೆನಪಾಗುತ್ತಿದೆ.

ಅವರು ಅಬಕಾರಿ ಖಾತೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಊರು ಭಾಲ್ಕಿ ಕಡೆ, ಒಕ್ಕಲು ಮನೆತನ. ನೌಕರಿಯೆಲ್ಲ ಗಡಿಯ ಈಚೆ, ಮಹಾರಾಷ್ಟ್ರದ ನಿಲಂಗಾ, ಉದಗೀರ, ಉಮರ್ಗಾದಲ್ಲೇ ಕಳೆಯಿತು. ನಾನು ಬಸವಕಲ್ಯಾಣದವನು. ದಿನವಿಡೀ ಮರಾಠಿ ಮಾತಾಡಿ ದಣಿದ ನಾಲಿಗೆಗೆ ಸಂಜೆ ಸ್ವಲ್ಪ ಕನ್ನಡ ಬೇಕೆನಿಸುತ್ತಿತ್ತು. ಅವರಿಗೂ ಹಾಗೇ ಅನಿಸುತ್ತಿತ್ತೋ ಏನೋ, ಚಷ್ಮಾ ಕೊಂಡ ಮೇಲೂ ಬರುತ್ತ ಹೋದರು. ನಾನು ಹೀಗೆಂದರೆ ಅವರು ಒಪ್ಪುತ್ತಿರಲಿಲ್ಲ. “ನೀವು ಕೊಟ್ಟ ಚಷ್ಮಾದ ಕಾಚು ಬರೋಬರ್ ಅದನೋ ಇಲ್ಲೋ ನೋಡಲಿಕ್ಕೆ ಬರ್ತೀನಿ,” ಎನ್ನುತ್ತಿದ್ದರು.

ಅವರ ನೌಕರಿಯ ಕಾಲದ ಕಥೆಗಳನ್ನು ಅವರಿಗಿಂತ ಹೆಚ್ಚಾಗಿ ಗುಂಜೋಟಿಯ ಕಡೆಯ ಗಿರಾಕಿಗಳಿಂದ ಕೇಳಿದ್ದೇನೆ. ಕಳ್ಳಭಟ್ಟಿಗೆಂದು ಕಬ್ಬಿನ ಹೊಲದಲ್ಲಿ ಹೂತಿಟ್ಟ ಕೊಳೆಯ ಗಡಿಗೆ ಹುಡುಕಲು ಸಾಹೇಬರು ಚಪ್ಪಲಿ ಬಿಟ್ಟು ನಡೆಯುತ್ತಿದ್ದರಂತೆ. ಕೊಳೆ ಹುದುಗಿ ನೆಲ ಎಲ್ಲಿ ಬೆಚ್ಚಗಿದೆ ಎಂಬುದು ಪಾದಕ್ಕೆ ತಿಳಿಯುತ್ತಿತ್ತಂತೆ. ಜೀಪು ಬರುವ ಮೊದಲೇ ಅವರ ಮೂಗು ಊರಿಗೆ ಬರುತ್ತದೆ ಎಂದು ಮಂದಿ ಹೇಳುತ್ತಿದ್ದರು. ಹಿಡಿದ ಸಾರಾಯಿಯನ್ನು ಅಂಗೈಗೆ ಹಾಕಿ ಉಜ್ಜಿ ಮೂಸುವುದು, ಒಂದು ಹನಿ ನಾಲಿಗೆಗೆ ಮುಟ್ಟಿಸಿ ಉಗುಳುವುದು, ಆಮೇಲೆ ಪಂಚರ, ಅಂದರೆ ಸಾಕ್ಷಿಗೆ ಕರೆದವರ, ಎದುರು ಸೀಲು ಮಾಡುವುದು. ಇಷ್ಟು ವರ್ಷ ಇಷ್ಟೆಲ್ಲ ಬಾಯಿಗೆ ಮುಟ್ಟಿಸಿಯೂ ಒಂದು ಹನಿ ಗಂಟಲಿನಿಂದ ಇಳಿಸಿದವರಲ್ಲ. ದೇವರ ಭಯವೇ ಎಂದು ಒಮ್ಮೆ ಕೇಳಿದ್ದೆ.

“ದೇವರ ಸಲುವಾಗಿ ಅಲ್ರಿ,” ಎಂದಿದ್ದರು. “ನನಗ ರುಚಿ ಹತ್ತಿಬಿಟ್ರ, ಮತ್ತೊಬ್ಬರನ್ನ ಹಿಡಿಯೋದು ಹ್ಯಾಂಗ?”

ಸಿಹಿಯ ಬಗ್ಗೆ ಅವರಿಗೆ ವಿಶೇಷ ಸಂಶಯ. ಕೆಟ್ಟ ಮಾಲು ಮಾಡುವವನು ಮೊದಲು ಸಕ್ಕರೆಗೆ ಕೈ ಹಾಕುತ್ತಾನೆ, ಸಿಹಿಯ ಕೆಳಗೆ ಏನನ್ನು ಬೇಕಾದರೂ ಮುಚ್ಚಬಹುದು ಎನ್ನುತ್ತಿದ್ದರು. “ಮಂದೀನೂ ಹಂಗ,” ಎಂದು ಕೂಡಿಸುತ್ತಿದ್ದರು. ನನ್ನ ಹೆಂಡತಿ ಹಬ್ಬಕ್ಕೆ ಹೋಳಿಗೆ ಕಳಿಸಿದರೆ, “ಏನು ಕೆಲಸ ಇತ್ತು ನನ್ನ ಕಡೆ?” ಎಂದು ಕೇಳಿದ ಮಹಾನುಭಾವರು.

ಇದರ ಪೆಟ್ಟು ಬಿದ್ದದ್ದು ಮಗಳು ಮಹಾನಂದಾಳ ಮೇಲೆ. ಸಾಹೇಬರಿಗೆ ಆಕೆ ಒಬ್ಬಳೇ ಮಗಳು. ತಾಯಿ ಮೊದಲೇ ಹೋಗಿದ್ದಳು. ಕಿಲ್ಲಾರಿಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಭೂಕಂಪವಾದಾಗ ಆಕೆ ತವರಿಗೆ ಬಂದಿದ್ದಳು, ಗಂಡ ಅಲ್ಲಿದ್ದ. ಆಮೇಲೆ ಆಕೆ ನರ್ಸ್ ತರಬೇತಿ ಮುಗಿಸಿ ವಲಾಂಡಿಯಲ್ಲಿ ನೌಕರಿ ಹಿಡಿದಳು. ವಾರವೆಲ್ಲ ಅಲ್ಲಿದ್ದು ಶನಿವಾರ ಸಂಜೆ ನಿಲಂಗಾದ ಮೇಲಿಂದ ಉಮರ್ಗಾಕ್ಕೆ ಬರುತ್ತಿದ್ದಳು. ಸಾಹೇಬರು ಕಲ್ಲಿನ ಮನೆಗೆ ಬೀಗ ಹಾಕಿ ಅಂಗಳದ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ಭೂಕಂಪದಲ್ಲಿ ಮನೆ ಕಳೆದುಕೊಂಡ ಮಂದಿ ಸರ್ಕಾರ ಕಟ್ಟಿಸಿದ ಹೊಸ ಊರುಗಳಿಗೆ ಹೋಗಿ ನೆಲೆಸಿದ ಮೇಲೂ ಅವರು ಒಳಗೆ ಮಲಗಲಿಲ್ಲ.

ಮಹಾನಂದಾಳಿಗೆ ಎರಡನೆಯ ಮದುವೆಯ ಮಾತುಗಳು ಬರುತ್ತಲೇ ಇದ್ದವು. ಎಲ್ಲವನ್ನೂ ಸಾಹೇಬರು ತಿರುಗಿಸಿ ಕಳಿಸಿದರು. ಒಬ್ಬ ಸುಮ್ಮಸುಮ್ಮನೆ ನಗುತ್ತಾನೆ ಎಂದು, ಇನ್ನೊಬ್ಬನ ಅಣ್ಣ ಒಂದು ಪ್ರಶ್ನೆಗೂ ನೇರ ಉತ್ತರ ಕೊಡಲಿಲ್ಲವೆಂದು, ಮತ್ತೊಬ್ಬ ಬಂದ ಕೂಡಲೇ ಕಾಲು ಮುಟ್ಟಿ ನಮಸ್ಕಾರ ಮಾಡಿದನೆಂದು. ಆಕೆ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಹೀಗಿರುವಾಗ ಒಂದು ರವಿವಾರ ಮುಂಜಾನೆ ಸಾಹೇಬರ ಮನೆಯಿಂದ ನನಗೆ ಕರೆ ಬಂತು. ಹೋದೆ. ಶೆಡ್ಡಿನ ಮುಂದೆ ಬೇವಿನ ನೆರಳಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬೋಳಿಸಿದ ಗಡ್ಡ. ಮುಂದಿನ ಸ್ಟೂಲಿನ ಮೇಲೆ ಮರಾಠಿ ಪೇಪರಿನಲ್ಲಿ ಸುತ್ತಿದ ಬಾಟಲಿ.

“ಇವರು ಉದಗೀರದವರು. ಶಿವರಾಜ ಅಂತ. ಹಡಗದಾಗ ಇದ್ದರಂತ,” ಎಂದರು ಸಾಹೇಬರು. ‘ಅಂತ’ ಎಂಬುದರ ಮೇಲೆ ಒತ್ತು ಬಿತ್ತು. “ಬಾಟ್ಲಿ ಖರೇ ಅದನೋ ಖೋಟಾನೋ ನೋಡಿ ಹೇಳ್ರಿ ಅಂತ ಬಂದಾರ. ನೀವು ಪಂಚರು. ಕೂಡ್ರಿ.”

ಶಿವರಾಜ ಪ್ರಯಾಣಿಕರ ಹಡಗಿನಲ್ಲಿ ಬಾರಿನ ಕೆಲಸಕ್ಕಿದ್ದವನು. ಭೂಕಂಪದ ಸುದ್ದಿ ಕೇಳಿ ತಾಯಿಯನ್ನು ನೋಡಲು ಬಂದವನು ತಿರುಗಿ ಹೋಗದೆ ಉದಗೀರದ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ತೆರೆದಿದ್ದ. ಬಾಟಲಿ ಹಡಗು ಬಿಡುವಾಗ ಸಿಕ್ಕಿದ್ದಂತೆ. ಕಬ್ಬಿನ ಕಾಕಂಬಿಯಿಂದ ಮಾಡಿ ಕಟ್ಟಿಗೆಯ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ರಮ್.

“ಪರ್ಮಿಟ್ ಅದ?” ಎಂದು ಸಾಹೇಬರು ಕೇಳಿದರು.

ಮಹಾರಾಷ್ಟ್ರದಲ್ಲಿ ದಾರೂ ಇಟ್ಟುಕೊಳ್ಳಲು ಬೇಕಾದ ಆ ಕಾಗದವನ್ನು ಅವನು ಕಿಸೆಯಿಂದ ತೆಗೆದು ತೋರಿಸಿದ. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ತಮ್ಮ ಹೊಸ ಚಷ್ಮಾ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಬಾಟಲಿಯ ಬೂಚು, ಚೀಟಿ, ತಳ ಎಲ್ಲವನ್ನೂ ಉಗುರಿನಿಂದ ಕೆರೆದರು. ಗಾಜಿನ ಲೋಟಕ್ಕೆ ಎರಡು ಬೆರಳಿಗಿಂತ ಕಡಿಮೆ ಸುರಿದು ಬಿಸಿಲಿಗೆ ಎತ್ತಿದರು. ಜೇನುತುಪ್ಪಕ್ಕಿಂತ ಕಪ್ಪು, ಬೆಲ್ಲದ ಪಾಕಕ್ಕಿಂತ ತಿಳಿ ಇತ್ತು ಅದರ ಬಣ್ಣ.

“ಬಣ್ಣ ಸುಟ್ಟ ಸಕ್ಕರೀಲೇನೂ ಬರ್ತದ,” ಎಂದರು.

“ಬರ್ತದ್ರಿ. ಕೆಲವರು ಹಾಕ್ತಾರ,” ಎಂದ ಶಿವರಾಜ.

“ವರ್ಷಗಟ್ಲೆ ಇಟ್ರ ಮಾಲು ಹಂಗೇ ಇರ್ತದೇನು?”

“ಇಲ್ರಿ. ವರ್ಷಾ ಒಂದಿಷ್ಟು ಕಟ್ಟಿಗ್ಯಾಗಿಂದ ಗಾಳಿಗೆ ಹಾರಿ ಹೋಗ್ತದ. ಉಳದದ್ದು ಗಟ್ಟಿ ಆಗ್ತದ.”

“ಹಾರಿ ಹೋತು,” ಎಂದು ಸಾಹೇಬರು ನನ್ನ ಕಡೆ ನೋಡಿದರು. “ನಮ್ಮ ಖಾತೆದಾಗ ಹಂಗಂತ ಬರದು ಇಟ್ಟಿದ್ರ ಸಸ್ಪೆಂಡ್ ಮಾಡ್ತಿದ್ರು.”

ಅಂಗೈಗೆ ಹನಿ ಹಾಕಿ ಉಜ್ಜಿದರು. ಮೂಗಿನ ಮೇಲೆ ಕೈ ಕಮಾನು ಮಾಡಿ ಕಣ್ಣು ಮುಚ್ಚಿದರು. ನಾನು ಎಷ್ಟೋ ಸಲ ಕೇಳಿದ್ದ ಆ ಮೂಗಿನ ಕೆಲಸವನ್ನು ಕಣ್ಣಾರೆ ನೋಡಿದ್ದು ಅವತ್ತೇ. ಅಂಗೈ ಒಣಗಿದ ಹಾಗೆಲ್ಲ ಮತ್ತೆ ಮತ್ತೆ ಮೂಸಿದರು. ಮೊದಲು ಒಣದ್ರಾಕ್ಷಿ, ಆಮೇಲೆ ಬೆಲ್ಲದ ಕಡಾಯಿಯ ನೊರೆ, ಎಲ್ಲ ಹೋದ ಮೇಲೆ ತಂಬಾಕಿನ ಎಲೆ ಮತ್ತು ತೇಗದ ಕಪಾಟು, ಎಂದು ಒಂದೊಂದಾಗಿ ಹೇಳಿದರು. ನಾಲಿಗೆಗೆ ಸ್ವಲ್ಪ ಹಾಕಿಕೊಂಡು, ಬಾಯಿಯಲ್ಲಿ ಆಡಿಸಿ, ಬೇವಿನ ಬುಡಕ್ಕೆ ಉಗುಳಿದರು.

ಶಿವರಾಜನ ಮುಖ ಸಣ್ಣದಾಯಿತು. “ಸಾಹೇಬ್ರ, ಇದು ಉಗುಳಲಿಕ್ಕೆ ಮಾಡಿದ್ದಲ್ರಿ. ನೀರು ಬ್ಯಾಡ, ಬರ್ಫ ಬ್ಯಾಡ. ಲೋಟ ಅಂಗೈಯಾಗ ಬೆಚ್ಚಗ ಮಾಡಿ, ಒಂದು ಹನಿ ನಾಲಿಗಿ ಮ್ಯಾಲ ಕೂಡಸಬೇಕು. ಅದು ತಾನೇ ಇಳೀತದ. ಇಳದ ಮ್ಯಾಲ ಸುಮ್ಮ ಕೂಡಬೇಕು. ಖರೇ ರುಚಿ ಆವಾಗ ಬರ್ತದ.”

ಪಂಚನೆಂದು ನನಗೂ ಒಂದಿಷ್ಟು ಬಂತು. ಅವನು ಹೇಳಿದ ಹಾಗೆ ಮಾಡಿದೆ. ಮೊದಲು ಹೂರಣದ ಪಾತ್ರೆಯ ತಳ ನೆಕ್ಕಿದಂಥ ಸಿಹಿ. ಅದರ ಹಿಂದಿನಿಂದ ಮೆಲ್ಲಗೆ ಕಾವು ಬಂದು ಎದೆಯವರೆಗೂ ಹರಡಿತು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಒಣಗಿದ ಕಿತ್ತಳೆ ಸಿಪ್ಪೆಯಂಥ ಒಂದು ಕಹಿ ನಾಲಿಗೆಯ ಬದಿಗೆ ಬಂದು ನಿಂತಿತು. ಕುಡಿಯಲು ಬಾರದ ನನಗೂ ಅದು ಸೇರಿತು. ತಲೆಯೆತ್ತಿದರೆ ಸಾಹೇಬರು ನನ್ನನ್ನೇ ನೋಡುತ್ತಿದ್ದರು.

“ನೀವು ನುಂಗಿದ್ರಿ,” ಎಂದರು.

ಅಷ್ಟರಲ್ಲಿ ಸ್ಟೂಲಿನ ಮೇಲೆ ಚೆಲ್ಲಿದ್ದ ಹನಿಗೆ ಇರುವೆಗಳು ಬಂದಿದ್ದವು. ಸಾಹೇಬರು ಬೆರಳು ಮಾಡಿ ತೋರಿಸಿದರು. “ಎರಡನೇ ಪಂಚರು ಬಂದ್ರು ನೋಡ್ರಿ. ಬರೀ ಪೀಪಾಯ್ದಾಗ ಇಟ್ಟ ಮಾಲಿಗೆ ಇರುವಿ ಬರಂಗಿಲ್ಲ. ಮಾಲು ಖೋಟಾ ಅಲ್ಲ. ಆದ್ರ ಇದಕ್ಕ ಆಮ್ಯಾಲ ಸಕ್ಕರಿ ಹಾಕ್ಯಾರ.”

“ಹಾಕಿದ್ದು ಖರೇ ಅದರಿ,” ಎಂದ ಶಿವರಾಜ. “ಮಾಡಾವರೂ ಮುಚ್ಚಿಡಂಗಿಲ್ಲ. ಸಿಹಿ ಇದ್ದರ ಕುಡಿಯಾವರಿಗೆ ಛಲೋ ಅನಸ್ತದ, ಅದಕ್ಕ ಹಾಕ್ತಾರ.”

ಅವನು ಹೋದ ಮೇಲೆ ಬಾಟಲಿ ಅಲ್ಲೇ ಉಳಿಯಿತು. ಸಾಹೇಬರು ಅದನ್ನು ಸೀಲು ಮಾಡಿದ ಮಾಲಿನ ಹಾಗೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. “ಈ ಮನುಷ್ಯಾ ರಮ್ ಸಲುವಾಗಿ ಬಂದಿಲ್ರಿ,” ಎಂದರು. ನನಗೂ ಹಾಗೇ ಅನಿಸಿತ್ತು. ಉದಗೀರದಿಂದ ಉಮರ್ಗಾದವರೆಗೆ ಬಸ್ಸು ಬದಲಿಸಿ ಬಂದು, ಬಾಟಲಿಯನ್ನೇ ಬಿಟ್ಟು ಹೋಗುವವನ ಲೆಕ್ಕ ಬೇರೆಯೇ ಇರಬೇಕು.

ಶಿವರಾಜ ಮತ್ತೆ ಬಂದ. ಪ್ರತಿ ಸಲವೂ ರವಿವಾರವೇ ಬಂದ. ರಮ್ಮಿನ ಮಾತು, ಹಡಗಿನ ಮಾತು, ಕಳ್ಳಭಟ್ಟಿಯವರ ಮೇಲೆ ಸಾಹೇಬರು ಹಾಕಿದ ಹಳೆಯ ಧಾಡಿಗಳ, ದಾಳಿಗಳ ಮಾತು. ಸಾಹೇಬರ ಕಥೆಗಳನ್ನು ಅಷ್ಟು ಕಿವಿಗೊಟ್ಟು ಕೇಳುವವನನ್ನು ನಾನು ನೋಡಿರಲಿಲ್ಲ. ಅದೇ ಅವರ ಸಂಶಯವನ್ನು ಇಮ್ಮಡಿ ಮಾಡಿತು. ನಾವಿಬ್ಬರೂ ಅಂಗಡಿಯಲ್ಲಿ ಕುಳಿತು ಎಲ್ಲ ಕೋನದಿಂದ ನೋಡಿದೆವು. ಹೈವೇ ಮೇಲೆ ಧಾಬಾ ಹಾಕುವ ವಿಚಾರವಿರಬೇಕು, ದಾರೂ ಲೈಸೆನ್ಸಿಗೆ ಸಾಹೇಬರ ಹಳೆಯ ವಶೀಲಿ ಬೇಕಿರಬೇಕು ಎಂದು ನಾನು ಅಂದೆ. ಅವರು “ಬರೋಬರ್,” ಎಂದರು. “ಚೌಕಶಿ ಮಾಡೂಣು. ನಡೀರಿ ಉದಗೀರಕ್ಕ.”

ಮುಂದಿನ ವಾರದ ಮಧ್ಯದಲ್ಲಿ, ಅಂಗಡಿ ಮುಚ್ಚಿ ಹೊರಟೆ. ಕಾಸಾರಶಿರಸಿ ದಾಟಿ, ನಿಲಂಗಾದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಉದಗೀರ ಮುಟ್ಟಿದೆವು. ಸಾಹೇಬರು ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ನೇರ ಖಾನಾವಳಿಗೆ ಹೋಗದೆ ಎದುರಿನ ಸೈಕಲ್ ಅಂಗಡಿಯವನ ಹತ್ತಿರ ನಿಂತು, ಹುಡುಗಿ ಕೊಡುವವರ ಹಾಗೆ ಮರಾಠಿಯಲ್ಲಿ ವಿಚಾರಿಸಿದರು. ಮನುಷ್ಯ ಒಳ್ಳೆಯವನು, ಕುಡಿದು ಬಿದ್ದದ್ದು ನೋಡಿಲ್ಲ ಎಂದ ಅವನು. ಆಮೇಲೆ ದನಿ ತಗ್ಗಿಸಿ, ಮೊದಲು ಒಂದು ಲಗ್ನವಾಗಿತ್ತು, ಹೆಂಡತಿ ವರ್ಷದೊಳಗೇ ಬಿಟ್ಟು ಹೋದಳು, ಈಗ ಹೈದರಾಬಾದಿನಲ್ಲಿದ್ದಾಳೆ ಎಂದ.

ಸಾಹೇಬರ ಮುಖದಲ್ಲಿ ಒಂದು ಬೆಳಕು ಬಂತು. ಹೊಲದ ನೆಲ ಬೆಚ್ಚಗಾದಾಗ ಅವರ ಮುಖ ಹೀಗೇ ಆಗುತ್ತಿದ್ದಿರಬೇಕು. “ಸಿಕ್ತು,” ಎಂದರು. “ಇಷ್ಟು ಸಲ ಬಂದಾನ, ಒಂದು ಸಲನೂ ಬಾಯಿ ಬಿಟ್ಟಿಲ್ಲ.”

ಖಾನಾವಳಿಯ ಒಳಗೆ ಹೋಗಿ ಮೂಲೆಯ ಟೇಬಲ್ಲಿಗೆ ಕುಳಿತೆವು. ಶಿವರಾಜ ತರಕಾರಿಗೆ ಹೋಗಿದ್ದ. ಗಲ್ಲೆಯ ಮೇಲೆ ಅವನ ತಾಯಿ ಇದ್ದರು. ರೊಟ್ಟಿ, ಪುಂಡಿಪಲ್ಲೆ, ಶೇಂಗಾದ ಹಿಂಡಿ ಬಂತು. ಸಾಹೇಬರು ರೊಟ್ಟಿ ಮುರಿಯುವಷ್ಟರಲ್ಲಿ ಬಾಗಿಲಲ್ಲಿ ಬಿಳಿ ಸೀರೆಯ ನರ್ಸಬಾಯಿ ಒಬ್ಬಳು ಬಂದಳು. ಚೀಲವನ್ನು ಗಲ್ಲೆಯ ಹಿಂದೆ ಇಟ್ಟು, ಮುದುಕಿಗೆ “ಅವ್ವಾ, ಗುಳಿಗಿ ತಗೊಂಡ್ರಿ?” ಎಂದು ಕೇಳಿ, ತಾನೇ ಕೊಡದಿಂದ ನೀರು ತುಂಬಿಕೊಂಡು ಈ ಕಡೆ ತಿರುಗಿದಳು. ಮಹಾನಂದಾ.

ನೀರಿನ ತಂಬಿಗೆ ಹಿಡಿದುಕೊಂಡೇ ನಮ್ಮ ಟೇಬಲ್ಲಿಗೆ ಬಂದು ಕುಳಿತಳು.

“ಈ ಮನುಷ್ಯಾಗ ಮೊದಲ ಹೆಂಡತಿ ಇದ್ದಳು. ಗೊತ್ತದ ನಿನಗ?” ಎಂದು ಸಾಹೇಬರೇ ಬಾಯಿ ತೆರೆದರು.

“ಗೊತ್ತದ. ಮೊದಲ ದಿನಾನೇ ಹೇಳ್ಯಾರ. ತಾಯಿಗೆ ಇಂಜೆಕ್ಷನ್ ಮಾಡಸ್ಲಿಕ್ಕೆ ವಲಾಂಡಿಗೆ ಬಂದಿದ್ರು, ಆವಾಗ.”

“ನನಗ್ಯಾಕ ಹೇಳಲಿಲ್ಲ?”

“ನಿನಗ ಹೇಳಿದ್ರ ಪಂಚರನ್ನ ಕರೀತಿದ್ದಿ,” ಎಂದು ಆಕೆ ನನ್ನ ಕಡೆ ನೋಡಿದಳು. ನಾನು ಹಿಂಡಿಯಲ್ಲಿ ಬೆರಳಾಡಿಸಿದೆ. “ಅಪ್ಪಾ, ನೀ ಮಂದೀ ಮನಿಗೆ ಹೋಗಂಗಿಲ್ಲ, ಧಾಡಿ ಹಾಕ್ತಿ. ಧಾಡಿ ಹಾಕಿದ್ರ ಮಂದಿ ಮುಚ್ಚೇ ಇಡ್ತಾರ. ನಾನೂ ಮುಚ್ಚಿಟ್ಟೀನಿ. ಬಾಟ್ಲಿ ಒಯ್ಯಿರಿ ಅಂತ ಅವರಿಗೆ ಹೇಳಿದಾಕಿ ನಾನೇ. ಯಾರ ಮಾತೂ ನೀ ನಂಬಂಗಿಲ್ಲ. ನಿನ್ನ ನಾಲಿಗಿ ಒಂದು ನಂಬ್ತಿ. ಅದರ ನೆವಾಲೆ ಆದ್ರೂ ಆ ಮನುಷ್ಯಾನ ಕೂಡ ನಾಕು ಮಾತ ಆಡ್ತಿ ಅಂದ್ಕೊಂಡೆ.”

ಸಾಹೇಬರು ಎದ್ದು ಕೈ ತೊಳೆದುಕೊಂಡರು. ರೊಟ್ಟಿ ಹಾಗೇ ಉಳಿಯಿತು. ಶಿವರಾಜ ಬರುವ ಮೊದಲೇ ನಾವು ಬಸ್‌ಸ್ಟ್ಯಾಂಡ್ ಸೇರಿದ್ದೆವು.

ನಿಲಂಗಾದಲ್ಲಿ ಉಮರ್ಗಾದ ಬಸ್ಸು ತಡವಾಯಿತು. ಕಲ್ಲಿನ ಬೆಂಚಿನ ಮೇಲೆ ಕುಳಿತಿದ್ದೆವು. ಸಾಹೇಬರು ಎದುರಿಗೆ ನಿಂತ ಖಾಲಿ ಬಸ್ಸನ್ನು ನೋಡುತ್ತ ಹೇಳತೊಡಗಿದರು.

“ಮೊದಲ ಸಂಬಂಧ ನಾನೇ ಹುಡುಕಿದ್ದೆ. ಅಂಥಾ ಚೌಕಶಿ ಯಾರೂ ಮಾಡಿರಲಿಕ್ಕಿಲ್ಲ. ಹುಡುಗನ ಸಾಲಿ ಮಾಸ್ತರನ ಕೇಳಿದ್ದೆ. ಊರ ಹಜಾಮನ್ನ ಕೇಳಿದ್ದೆ. ದಾರೂ ಇಲ್ಲ, ಇಸ್ಪೀಟ ಇಲ್ಲ. ಮನಿ ಕಲ್ಲಿಂದು. ಗ್ವಾಡಿ ಎಷ್ಟು ದಪ್ಪ ಅಂದ್ರ ಕಿಡಕ್ಯಾಗ ಮನುಷ್ಯಾ ಮಲಗಬಹುದಿತ್ತು. ಕೈಲೆ ಬಡದು ನೋಡಿದ್ದೆ ರೀ. ಘಟ್ಟಿ ಅದ ಅಂತ ಖುಷಿಯಾಗಿ ಬಂದಿದ್ದೆ.”

ಟವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಮುಂದುವರಿಸಿದರು.

“ಆ ಗ್ವಾಡೀನೇ ಅವನ ಮ್ಯಾಲ ಬಿತ್ತು. ನಾಲ್ಕನೇ ದಿವಸ ತಗದ್ರು. ಆವಾಗಿಂದ ನನಗ ತಿಳಿವಲ್ದು. ಇನ್ನಾ ಏನು ನೋಡಬೇಕಾಗಿತ್ತು ನಾ? ಏನು ಬಿಟ್ಟೆ?”

ಅಬಕಾರಿ ಸಾಹೇಬರು ಅಳುವುದನ್ನು ನಾನು ನೋಡಲಿಲ್ಲ. ಅವರು ಟವೆಲಿನಿಂದ ಮುಖ ಒರೆಸಿಕೊಂಡಿದ್ದು ಬೆವರಿಗೇ ಇರಬಹುದು. ಇಷ್ಟು ದಿನ ಮನುಷ್ಯರ ಮೇಲಿನ ಸಂಶಯ ಎಂದು ನಾನು ತಿಳಿದಿದ್ದೆ. ಅವರು ನಂಬದೇ ಇದ್ದದ್ದು ತಮ್ಮ ಕೈಯನ್ನೇ ಎಂದು ಆ ಬೆಂಚಿನ ಮೇಲೆ ತಿಳಿಯಿತು.

ರವಿವಾರ ಶಿವರಾಜ ಬಂದ. ಆವತ್ತು ಸಾಹೇಬರೇ ಹೇಳಿ ಕಳಿಸಿದ್ದರು. ನಾನು ಬರುವುದಿಲ್ಲ ಎಂದಿದ್ದೆ. “ಪಂಚ ಅಂತ ಅಲ್ರಿ, ಸುಮ್ಮ ಬರ್ರಿ,” ಎಂದರು. ಮಹಾನಂದಾ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದಳು. ಶಿವರಾಜ ಕುಳಿತವನೇ ತನ್ನ ಮೊದಲ ಲಗ್ನದ ಮಾತು ತೆಗೆದ.

“ನಾ ಹಡಗದ ಮ್ಯಾಲಿದ್ದೆ, ಆಕಿ ಇಲ್ಲಿ ನಮ್ಮವ್ವನ ಕೂಡ ಒಬ್ಬಾಕಿ. ತಿಂಗಳುಗಟ್ಲೆ ನಂದು ಸುದ್ದಿ ಇರ್ತಿರಲಿಲ್ಲ. ಆಕೀದು ತಪ್ಪು ಅನ್ನಂಗಿಲ್ಲ ನಾ. ಸೋಡಚಿಠ್ಠಿ ಆಗಿ ಬ್ಯಾರೆ ಆಗೀವ್ರಿ, ಆಕಿ ಸುಖದಾಗ ಅದಾಳ.”

“ಇದನ್ನ ಮೊದಲ ದಿನಾ ಯಾಕ ಹೇಳಲಿಲ್ಲ?”

“ಹೇಳಬೇಕಂತೇ ಬಂದಿದ್ದೆರಿ. ನೀವು ಮೊದಲು ಪರ್ಮಿಟ್ ಕೇಳಿದ್ರಿ. ಆಮ್ಯಾಲ ಧೈರ್ಯ ಆಗಲಿಲ್ಲ.”

ಮಹಾನಂದಾ ಸೆರಗು ಬಾಯಿಗೆ ಹಿಡಿದುಕೊಂಡಳು. ಸಾಹೇಬರು ನಗಲಿಲ್ಲ. ಬೇರೆ ಏನೇನೋ ಕೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಖಾನಾವಳಿಯ ಜಾಗ ಯಾರದು, ತಾಯಿಗೆ ಯಾವ ಬ್ಯಾನಿ, ಹಡಗಿಗೆ ಮತ್ತೆ ಹೋಗುವ ವಿಚಾರವಿದೆಯೇ, ಧಾಬಾದ ಲೈಸೆನ್ಸು ಬೇಕೇ. ಒಂದನ್ನೂ ಕೇಳಲಿಲ್ಲ.

“ಯಾವಾಗ ಮಾಡ್ಕೋತೀರಿ?” ಎಂದರು.

ಲಗ್ನ ಉದಗೀರದಲ್ಲಿ, ಖಾನಾವಳಿಯ ಹಿಂದಿನ ಅಂಗಳದಲ್ಲೇ ಆಯಿತು. ಹತ್ತಿರದ ಮಂದಿಯಷ್ಟೇ ಇದ್ದರು. ಸಾಹೇಬರು ಪೂರಾ ಬದಲಾದರು ಎಂದು ಯಾರಾದರೂ ತಿಳಿದರೆ ತಪ್ಪು. ಆವತ್ತು ಅಡುಗೆಯವನ ಎಣ್ಣೆಯ ಡಬ್ಬಿಯನ್ನು ಮೂಸಿ ನೋಡಿ ಜಗಳ ತೆಗೆದರು. ಅಕ್ಷತೆಯಲ್ಲಿ ನುಚ್ಚು ಬೆರೆಸಿದ್ದಾರೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ನುಚ್ಚು ಇದ್ದದ್ದು ನಿಜವೇ ಆಗಿತ್ತು. ಆದರೆ ಅಳಿಯನ ಬಗ್ಗೆ ಆಮೇಲೆ ಅವರು ಯಾರನ್ನೂ ಏನೂ ವಿಚಾರಿಸಿದ್ದು ನನಗೆ ಗೊತ್ತಿಲ್ಲ.

ಲಗ್ನವಾದ ಮೇಲೆ ಮಗಳು ಅಳಿಯ ಮೊದಲ ಸಲ ಉಮರ್ಗಾಕ್ಕೆ ಬಂದ ದಿನ ನನ್ನನ್ನೂ ಊಟಕ್ಕೆ ಕರೆದಿದ್ದರು. ಇಳಿಹೊತ್ತು. ಬಿಸಿಲು ತಗ್ಗಿತ್ತು. ಸಾಹೇಬರು ಟ್ರಂಕಿನ ಬೀಗ ತೆಗೆದು ಬಾಟಲಿ ಹೊರಗೆ ತಂದು, ಅಳಿಯನ ಕೈಗೆ ಕೊಟ್ಟು, “ನೀವೇ ಹಾಕ್ರಿ,” ಎಂದರು. ಶಿವರಾಜ ಸಣ್ಣ ಗಾಜಿನ ಲೋಟಕ್ಕೆ ತಳ ಮುಚ್ಚುವಷ್ಟು ಸುರಿದ. ಸಾಹೇಬರು ಬಿಸಿಲಿಗೆ ಹಿಡಿಯಲಿಲ್ಲ, ಅಂಗೈಗೆ ಹಾಕಿ ಉಜ್ಜಲಿಲ್ಲ. ಎರಡೂ ಕೈಯಲ್ಲಿ ಲೋಟವನ್ನು ಮುಚ್ಚಿ ಹಿಡಿದು ಬೆಚ್ಚಗಾಗಲು ಬಿಟ್ಟರು. ಆಮೇಲೆ ತುಟಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ಕುಳಿತರು. ಗಂಟಲ ಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ಸ್ವಲ್ಪ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು. ನಾವು ಮೂವರೂ ಅವರ ಬಾಯಿಯನ್ನೇ ನೋಡುತ್ತ ಕುಳಿತಿದ್ದೆವು. ಅವರು ಅಳಿಯ ಹೇಳಿದ್ದ ಹಾಗೆ ಸುಮ್ಮನೆ ಇದ್ದರು. ಹಿಂದಿನಿಂದ ಬರುವ ರುಚಿಗೆ ಕಾಯುತ್ತಿದ್ದರು.

ಮಹಾನಂದಾಳಿಗೆ ತಡೆಯಲಾಗಲಿಲ್ಲ. “ಹ್ಯಾಂಗದ ಅಪ್ಪಾ?”

“ಸಕ್ಕರಿ ಹಾಕ್ಯಾರ,” ಎಂದರು ಸಾಹೇಬರು. ಇನ್ನೊಂದು ಗುಟುಕು ತೆಗೆದುಕೊಂಡರು, ಅದನ್ನೂ ನಿಧಾನಕ್ಕೆ ಇಳಿಸಿದರು.

“ಹಾಕ್ಲಿ.”